ಕೋಲಾರಕ್ಕೆ ಮರಳುವ ರಂಜಕ

ಕೋಲಾರದ ಟೊಮೆಟೊ, ಹಾಲು, ಸೊಪ್ಪು ದಿನವೂ ಬೆಂಗಳೂರಿಗೆ ಬರುತ್ತವೆ. ಅವುಗಳ ಜೊತೆ ಆ ಜಿಲ್ಲೆಯ ಅಂತರ್ಜಲವೂ ಮಣ್ಣಿನ ಸಾರಜನಕ, ರಂಜಕಗಳೂ ಲಾರಿ ಹತ್ತುತ್ತವೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಶುರುವಾದಾಗ ಲೆಕ್ಕ ಹಾಕಿದ್ದು ನೀರನ್ನು ಮಾತ್ರ: ದಿನಕ್ಕೆ ಬೆಂಗಳೂರಿನ 44 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರು, ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯ ಕೆರೆಗಳಿಗೆ. ಬತ್ತಿದ್ದ ಎಷ್ಟೋ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಅದನ್ನು ಅಲ್ಲಗಳೆಯುವುದು ತರವಲ್ಲ.

ಆದರೆ ಈ ನೀರಿಗೆ ಸಿಗುವ ಎರಡನೇ ಹಂತದ ಸಂಸ್ಕರಣೆ ಕರಗಿದ ರಂಜಕವನ್ನು ಪೂರ್ತಿ ತೆಗೆಯುವುದಿಲ್ಲ. ಸಾರಜನಕಕ್ಕಾದರೂ ಬ್ಯಾಕ್ಟೀರಿಯಾಗಳ ಕೃಪೆಯಿಂದ ಗಾಳಿಗೆ ಹಿಂದಿರುಗುವ ದಾರಿ ಇದೆ. ರಂಜಕಕ್ಕೆ ಅದಿಲ್ಲ, ಕೆರೆಗೆ ಬಂದದ್ದು ಪಾಚಿಯಲ್ಲೋ ಜೊಂಡಿನಲ್ಲೋ ಸೇರಿ, ಅವು ಕೊಳೆತಾಗ ತಳದ ಹೂಳಿಗೆ ಇಳಿಯುತ್ತದೆ. ಅದೇ ಕೆರೆಯಂಚಿನ ರೈತ ಸೊಸೈಟಿ ಮುಂದೆ ಸಾಲು ನಿಂತು ಡಿಎಪಿ ಗೊಬ್ಬರದ ಚೀಲ ತರುತ್ತಾನೆ. ಅದರೊಳಗಿನ ರಂಜಕ ಬಹುಪಾಲು ಮೊರಾಕ್ಕೊ, ಜೋರ್ಡಾನ್‌ಗಳಂಥ ದೇಶಗಳಿಂದ ಡಾಲರ್ ಕೊಟ್ಟು ತರಿಸಿದ್ದು!

ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಸದಾ ತುಂಬಿರುವ ಕೆರೆಯಲ್ಲಿ ಹೂಳೆತ್ತುವುದು ಹೇಗೆ? ನಗರದ ಕಾರ್ಖಾನೆಗಳ ಲೋಹ ಬೆರೆತಿದ್ದರೆ ಆ ಹೂಳನ್ನು ಹೊಲಕ್ಕೆ ಹಾಕಬಹುದೇ? ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಕೂಗು ಹಳೆಯದು. ಅದನ್ನು ಕೈಗೊಳ್ಳುವಾಗ ರಂಜಕವನ್ನು ಸ್ಥಾವರದಲ್ಲೇ ಸ್ಟ್ರುವೈಟ್ ಎಂಬ ಹರಳಾಗಿ ಹಿಡಿದು ಗೊಬ್ಬರವಾಗಿ ಮಾರುವ ವ್ಯವಸ್ಥೆಯೂ ಇರಲಿ. ಹೂಳಿನ ಪರೀಕ್ಷಾ ವರದಿಯನ್ನು ಪ್ರತಿ ಬೇಸಿಗೆ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.