ಪೋಷಕ ಪಾತ್ರವೆಂದರೆ ಕಿರಿದೇ?

ಚಲನಚಿತ್ರದ ಇತಿಹಾಸವನ್ನು ನಾವು ನಾಯಕ ನಾಯಕಿಯರ ಹೆಸರಿನಿಂದಲೇ ಬರೆಯುತ್ತ ಬಂದಿದ್ದೇವೆ. ಇದು ನ್ಯಾಯವಲ್ಲ ಎನ್ನುವುದಕ್ಕೆ ಅಮೆರಿಕದ ನಟಿ ಆಗ್ನೆಸ್ ಮೂರ್‌ಹೆಡ್ ಅವರ ವೃತ್ತಿಜೀವನವೇ ಸಾಕ್ಷಿ.

1900ರಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಆಕೆ, ವಿಸ್ಕಾನ್ಸಿನ್ ರಾಜ್ಯದ ಸೋಲ್ಜರ್ಸ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಕೆಲವು ವರ್ಷ ಶಿಕ್ಷಕಿಯಾಗಿದ್ದರು. ಕೊನೆಯ ಬೆಂಚಿಗೂ ಕೇಳಿಸುವಂತೆ ಮಾತನಾಡುವ ಅಭ್ಯಾಸ ಅಲ್ಲಿಯೇ ಆಗಿರಬೇಕೆಂದು ನನ್ನಂತಹ ಮೇಷ್ಟ್ರಿಗೆ ಅನ್ನಿಸುವುದು ಸಹಜ. 1930ರ ದಶಕದಲ್ಲಿ ರೇಡಿಯೋ ನಾಟಕಗಳಿಂದ ಹೆಸರಾದ ಅವರು, ಆರ್ಸನ್ ವೆಲ್ಸ್ ಅವರ ಮರ್ಕ್ಯುರಿ ಥಿಯೇಟರ್ ತಂಡದ ಮೂಲಕ 1941ರಲ್ಲಿ ‘ಸಿಟಿಜನ್ ಕೇನ್’ ಚಿತ್ರಕ್ಕೆ ಬಂದರು. ಅದರಲ್ಲಿ ಅವರದು ಕೆಲವೇ ನಿಮಿಷಗಳ ಪಾತ್ರ. ಕಿಟಕಿಯಾಚೆ ಹಿಮದಲ್ಲಿ ಆಡುತ್ತಿರುವ ಮಗನನ್ನು ಪರರ ವಶಕ್ಕೊಪ್ಪಿಸುವ ಕಾಗದಕ್ಕೆ ತಾಯಿ ಸಹಿ ಹಾಕುತ್ತಾಳೆ, ಕಣ್ಣೀರಿಲ್ಲ, ಗೋಳಾಟವಿಲ್ಲ. ಆದರೂ ಇಡೀ ಚಿತ್ರದ ದುಃಖಕ್ಕೆ ಮೂಲ ಆ ದೃಶ್ಯವೇ.

1943ರ ಮೇ 25ರಂದು ಪ್ರಸಾರವಾದ ‘ಸಾರಿ, ರಾಂಗ್ ನಂಬರ್’ ಅವರ ರೇಡಿಯೋ ಸಾಧನೆಯ ಶಿಖರ. ಹಾಸಿಗೆ ಹಿಡಿದ ಹೆಂಗಸೊಬ್ಬಳು ತಪ್ಪಿ ಸೇರಿಕೊಂಡ ದೂರವಾಣಿ ಕರೆಯಲ್ಲಿ ಕೊಲೆಯ ಸಂಚನ್ನು ಕೇಳಿಸಿಕೊಳ್ಳುತ್ತಾಳೆ. ಕೊಲೆಯಾಗಬೇಕಾದವಳು ತಾನೇ ಎಂಬುದು ಅವಳಿಗೆ ತಿಳಿಯುವುದು ತಡವಾಗಿ. ಸುಮಾರು ಅರ್ಧ ಗಂಟೆಯ ಆ ನಾಟಕವನ್ನು ಮೂರ್‌ಹೆಡ್ ಬಹುಪಾಲು ತಮ್ಮ ಕಂಠವೊಂದರಿಂದಲೇ ಹೊತ್ತು ನಡೆಸಿದರು. ಕೇಳುಗರ ಮೆಚ್ಚುಗೆಯಿಂದಾಗಿ ಅದನ್ನು ಮತ್ತೆ ಮತ್ತೆ ಅಭಿನಯಿಸಬೇಕಾಯಿತು.

1948ರಲ್ಲಿ ಅದೇ ಕಥೆ ಚಲನಚಿತ್ರವಾದಾಗ ಆ ಪಾತ್ರ ಬಾರ್ಬರಾ ಸ್ಟಾನ್‌ವಿಕ್ ಅವರ ಪಾಲಾಯಿತು. ಅವರಿಗೆ ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ಸ್ಟಾನ್‌ವಿಕ್ ಸಮರ್ಥ ನಟಿಯೇ. ಪ್ರೇಕ್ಷಕರು ತಾರೆಯರ ಹೆಸರು ನೋಡಿ ಟಿಕೆಟ್ ಕೊಳ್ಳುತ್ತಾರೆಂಬ ವಾದದಲ್ಲಿಯೂ ಹುರುಳಿದೆ. ಆದರೆ ಪಾತ್ರಕ್ಕೆ ಜೀವ ಕೊಟ್ಟವರೇ ಹೊರಗುಳಿಯುವ ಈ ಲೆಕ್ಕಾಚಾರವನ್ನು ವ್ಯಾಪಾರವೆನ್ನಬಹುದೇ ಹೊರತು ಕಲೆಯ ತೀರ್ಮಾನವೆನ್ನಲಾಗದು. ಮೂರ್‌ಹೆಡ್ ನಾಲ್ಕು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಒಮ್ಮೆಯೂ ಅದು ದಕ್ಕಲಿಲ್ಲ. ನಾಲ್ಕೂ ಪೋಷಕ ನಟಿಯ ವಿಭಾಗದಲ್ಲಿಯೇ. 1974ರಲ್ಲಿ ಅವರು ತೀರಿಕೊಂಡರು. ಇಂದು 1943ರ ಆ ಪ್ರಸಾರ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಸ್ಥಾನ ಪಡೆದಿದೆ.

ಕನ್ನಡದಲ್ಲಿ ನಾವು ಇಂಥವರನ್ನು ‘ಪೋಷಕ’ ನಟರೆನ್ನುತ್ತೇವೆ. ಪೋಷಿಸುವವರು ಎಂದರೆ ಸಾಕಿ ಸಲಹುವವರು. ಶಾಲೆಯ ದಾಖಲೆಗಳಲ್ಲಿ ತಂದೆತಾಯಿಯರಿಗೆ ಬಳಸುವುದೂ ಇದೇ ಪದವನ್ನು. ಇಷ್ಟು ದೊಡ್ಡ ಮಾತನ್ನಿಟ್ಟುಕೊಂಡು ಅವರನ್ನು ಎರಡನೆಯ ಸಾಲಿಗೆ ತಳ್ಳುವುದೇಕೆ? ಹಳೆಯ ಚಿತ್ರವೊಂದನ್ನು ನೋಡುವಾಗ ಹೆಸರುಗಳ ಪಟ್ಟಿಯ ನಾಲ್ಕನೆಯ, ಐದನೆಯ ಸಾಲನ್ನೂ ದಯವಿಟ್ಟು ಓದಿ.