ಬೋರ್ಡು ಮಗುವಿನ ಕೈಗೆ ಎಟುಕಲಿ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮುಖ್ಯಶಿಕ್ಷಕರೇ, ಎಸ್‌ಡಿಎಂಸಿ ಸದಸ್ಯರೇ, ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಲು ಮುಂದೆ ಬರುವ ಕಾರ್ಖಾನೆಯವರೇ, ಹಳೇ ವಿದ್ಯಾರ್ಥಿಗಳೇ, ಗೋಡೆಗೆ ಡ್ರಿಲ್ ಹಾಕಿಸುವ ಮುನ್ನ ಒಂದು ಗಳಿಗೆ ನಿಲ್ಲಿ. ಆ ಬೋರ್ಡು ಯಾರ ಕೈಗೆ ಎಟುಕಬೇಕು?

ಲೆಕ್ಕ ಹಾಕಿ ನೋಡಿ. 65 ಇಂಚಿನ ಬೋರ್ಡಿನ ಪರದೆ ಸುಮಾರು 32 ಇಂಚು ಎತ್ತರ. ಕೆಳಗಿನ ಅಂಚನ್ನು ನೆಲದಿಂದ ಮೂರಡಿಗೆ ಕೂರಿಸಿದರೆ ಮೇಲಿನ ಅಂಚು ಐದಡಿ ಎಂಟಿಂಚಿಗೆ ಹೋಗುತ್ತದೆ. ನಿಂತು ಪಾಠ ಮಾಡುವ ಮೇಷ್ಟ್ರಿಗೆ ಅದು ಸರಿ. ಗಾಲಿಕುರ್ಚಿಯಲ್ಲಿ ಕೂತ ಮಗುವಿಗೆ? ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳ ಕೈಗೆ ನಿಲುಕುವ ಎತ್ತರ ಹೆಚ್ಚೆಂದರೆ 44 ಇಂಚು ಎಂದು ಅಮೆರಿಕದ ವಿಕಲಚೇತನರ ಕಾಯ್ದೆಯ (ಎಡಿಎ) ಮಾನದಂಡ ಸೂಚಿಸುತ್ತದೆ. ಅಂದರೆ ಇಡೀ ಪರದೆಯಲ್ಲಿ ಆ ಮಗುವಿಗೆ ಸಿಕ್ಕುವುದು ಕೆಳಗಿನ 8 ಇಂಚು. ಐದರಿಂದ ಎಂಟು ವರ್ಷದ ಕೂಸಿಗೆ ಬರೀ 4. ಕರಿಹಲಗೆಯ ಕಾಲದ ಸಿಮೆಂಟ್ ಕಟ್ಟೆ ಗೋಡೆಯ ಕೆಳಗೆ ಉಳಿದಿದ್ದರಂತೂ ಗಾಲಿಕುರ್ಚಿ ಹತ್ತಿರಕ್ಕೇ ಬರದು. ಆ ನಾಲ್ಕೆಂಟು ಇಂಚೂ ಹೋಯಿತು.

ಓರಗೆಯ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗಿ, ಬೋರ್ಡಿನ ಮೇಲೆ ಕಪಿಲೆಯ ಹಾದಿಯನ್ನು ನಂಜನಗೂಡಿನಿಂದ ಬೆರಳಲ್ಲೇ ಎಳೆದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿಸುತ್ತಾರೆ. ಅದೇ ಹೊಳೆಯ ದಂಡೆಯಲ್ಲಿ ಹುಟ್ಟಿದ ಈ ಮಗು ಕೂತಲ್ಲೇ ನೋಡುತ್ತದೆ. "ನೀನು ಅಲ್ಲಿಂದಲೇ ಹೇಳು ಮಗ" ಎಂದು ನಾವು ಅಕ್ಕರೆಯಿಂದಲೇ ಅನ್ನುತ್ತೇವೆ. ಆ ಅಕ್ಕರೆ ಸಾಲದು. ಮುಟ್ಟಿ, ತಪ್ಪಿ, ಅಳಿಸಿ, ಮತ್ತೆ ಬರೆಯುವ ಪಾಠ ಆ ಮಗುವಿಗೂ ಸಲ್ಲಬೇಕು.

ಇದು ನಮ್ಮ ದಯೆಗೆ ಬಿಟ್ಟ ವಿಷಯವೂ ಅಲ್ಲ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಯ ಕಟ್ಟಡ, ಆವರಣ, ಸೌಲಭ್ಯಗಳೆಲ್ಲ ವಿಕಲಚೇತನ ಮಕ್ಕಳ ಬಳಕೆಗೆ ಒದಗಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಬಾಗಿಲಿಗೆ ಇಳಿಜಾರು ಕಟ್ಟಿಸಿ ಕೈತೊಳೆದುಕೊಳ್ಳುವಂತಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಮೇಲೆ ಕೆಳಗೆ ಸರಿಯುವ ಸ್ಟ್ಯಾಂಡ್ ಕೇಳಿ ಪಡೆಯಿರಿ. ಖರೀದಿ ಪಟ್ಟಿಯಲ್ಲೇ ಅದನ್ನು ಬರೆಸಿ. ಕಟ್ಟೆ ಒಡೆಸಿ. ಈಗಾಗಲೇ ಗೋಡೆಗೇರಿದ ಬೋರ್ಡಿಗೂ ದಾರಿಯಿದೆ. ಎಷ್ಟೋ ಬೋರ್ಡುಗಳಲ್ಲಿ ಪರದೆಯ ಚಿತ್ರವನ್ನೇ ಕೆಳಕ್ಕಿಳಿಸುವ ಸೌಲಭ್ಯವಿರುತ್ತದೆ, ಹುಡುಕಿ. ಇನ್‌ಫ್ರಾರೆಡ್ ಬೋರ್ಡಿಗೆ ಬೆರಳೇ ಬೇಕೆಂದಿಲ್ಲ, ಕಿರಣಕ್ಕೆ ಅಡ್ಡ ಬರುವ ಕೋಲೂ ಸಾಕು. ತುದಿಗೆ ಮೆತ್ತನೆಯ ರಬ್ಬರ್ ಸಿಕ್ಕಿಸಿ ಆ ಮಗುವಿನ ಕೈಗೆ ಕೊಡಿ. ಕೈಯಲ್ಲಿ ಬಲ ಕಡಿಮೆಯಿರುವ ಮಕ್ಕಳನ್ನೂ, ಕುಳ್ಳಗಿರುವ ಮಕ್ಕಳನ್ನೂ ಮರೆಯಬೇಡಿ.

ಬೋರ್ಡು ಕೂರಿಸಲು ಕೆಲಸದವರು ಬಂದ ದಿನ ಆ ಮಗುವನ್ನೂ ಅಪ್ಪ ಅಮ್ಮನನ್ನೂ ಶಾಲೆಗೆ ಕರೆಸಿ. ಮಗು ತನ್ನ ಹೆಸರನ್ನು ಪರದೆಯ ನಡುಮಧ್ಯೆ ತಾನೇ ಬರೆಯುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.