ಅಮೃತಬಳ್ಳಿ ಮತ್ತು ರೋಗನಿರೋಧಕ ಶಕ್ತಿಯ ಪ್ರಶ್ನೆ

ರೋಗನಿರೋಧಕ ವ್ಯವಸ್ಥೆಯು ಹೊರಗಿನಿಂದ ಬಂದ ರೋಗಾಣುಗಳನ್ನು ನಾಶಮಾಡುವುದರ ಜೊತೆಗೆ ದೇಹದ ಸ್ವಂತ ಜೀವಕೋಶಗಳಿಗೆ ಧಕ್ಕೆಯಾಗದಂತೆಯೂ ನೋಡಿಕೊಳ್ಳಬೇಕಾಗಿರುವುದರಿಂದ, ಅದನ್ನು ಪ್ರಚೋದಿಸುವ ಔಷಧಿ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವೆಂದು ಭಾವಿಸಲು ಆಧಾರವಿಲ್ಲ. ಈ ವ್ಯವಸ್ಥೆ ದಾರಿತಪ್ಪಿ ತನ್ನದೇ ಅಂಗಾಂಶಗಳ ಮೇಲೆ ಎರಗುವ ಸ್ಥಿತಿಯನ್ನು ಸ್ವಯಂನಿರೋಧಕ ಕಾಯಿಲೆ ಎನ್ನುತ್ತಾರೆ. ಕೆಲವು ಬಗೆಯ ಥೈರಾಯ್ಡ್ ತೊಂದರೆ, ಸಂಧಿವಾತ, ಯಕೃತ್ತಿನ ಉರಿಯೂತಗಳು ಈ ಗುಂಪಿಗೆ ಸೇರುತ್ತವೆ.

ಆಯುರ್ವೇದದಲ್ಲಿ ಗುಡೂಚಿ ಎಂದು ಹೆಸರಾದ, ಹೃದಯದಾಕಾರದ ಎಲೆಗಳ ಅಮೃತಬಳ್ಳಿಯನ್ನು ಜ್ವರಕ್ಕೆ ಕಷಾಯವಾಗಿ ಬಳಸುವ ಪರಂಪರೆ ದೀರ್ಘವಾದುದು. ಆದರೆ ಕೋವಿಡ್ ಕಾಲದಲ್ಲಿ ಅನೇಕರು ಕಾಯಿಲೆಯಿಲ್ಲದಿದ್ದರೂ, ಯಾರ ಸಲಹೆಯೂ ಇಲ್ಲದೆ, ಅದನ್ನು ವಾರಗಟ್ಟಲೆ ಸೇವಿಸತೊಡಗಿದರು. 2021ರಲ್ಲಿ ಮುಂಬಯಿಯ ವೈದ್ಯರು, ಇದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿಮಾಡಿದರು. ಮರುವರ್ಷ 13 ಕೇಂದ್ರಗಳ ಅಧ್ಯಯನವೊಂದು ಇಂಥ 43 ರೋಗಿಗಳನ್ನು ದಾಖಲಿಸಿ, ಹಲವರಲ್ಲಿ ಸ್ವಯಂನಿರೋಧಕ ಲಕ್ಷಣಗಳನ್ನು ಗುರುತಿಸಿತು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ನೋಟಕ್ಕೆ ಹೋಲುವ ಟೈನೋಸ್ಪೋರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿ ಬಳಕೆಯಾಗಿರಬಹುದೆಂದು ವಾದಿಸಿತು. ಬಳ್ಳಿ ಬೇರೆಯದಾಗಿದ್ದರೆ ಮೂಲಿಕೆಯನ್ನು ಸರಿಯಾಗಿ ಗುರುತಿಸುವುದು ಸುರಕ್ಷತೆಯ ಮೊದಲ ಷರತ್ತಾಗುತ್ತದೆ. ಬಳ್ಳಿ ಅದೇ ಆಗಿದ್ದರೆ ಸೇವಿಸುವವರ ದೇಹಸ್ಥಿತಿಯನ್ನು ಅರಿಯುವುದು ಅಷ್ಟೇ ಮುಖ್ಯವಾಗುತ್ತದೆ. ಎರಡರಲ್ಲಿ ಯಾವುದು ನಿಜವಾದರೂ ಸ್ವಯಂಚಿಕಿತ್ಸೆಗೆ ಸಮರ್ಥನೆ ದೊರೆಯುವುದಿಲ್ಲ.

ನಿರೋಧಕ ಶಕ್ತಿಗೆ ನೆರವಾಗುವ ಔಷಧಿಗಳೇ ಇಲ್ಲವೆಂದು ಇದರ ಅರ್ಥವಲ್ಲ. ಕ್ಯಾನ್ಸರಿನ ಕೀಮೋಥೆರಪಿಯಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕುಸಿದಾಗ, ಅಸ್ಥಿಮಜ್ಜೆಯನ್ನು ಪ್ರಚೋದಿಸಿ ಅವುಗಳನ್ನು ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು ರೋಗಿಯನ್ನು ಮಾರಕ ಸೋಂಕಿನಿಂದ ಕಾಪಾಡಬಲ್ಲದು. ಅದರಲ್ಲೂ ಮೂಳೆನೋವು ಸಾಮಾನ್ಯ, ಅಪರೂಪಕ್ಕೆ ಗುಲ್ಮ ಒಡೆಯುವ ಅಪಾಯವೂ ಉಂಟು. ಆದರೆ ಅಲ್ಲಿ ಕೊರತೆ ಯಾವುದೆಂದು ಗೊತ್ತಿರುತ್ತದೆ, ಪ್ರಮಾಣವನ್ನು ದೇಹತೂಕಕ್ಕೆ ತಕ್ಕಂತೆ ನಿಗದಿಮಾಡಲಾಗುತ್ತದೆ, ರಕ್ತಪರೀಕ್ಷೆಯಿಂದ ಪರಿಣಾಮವನ್ನು ಅಳೆದು ಸಕಾಲದಲ್ಲಿ ಔಷಧಿ ನಿಲ್ಲಿಸಲಾಗುತ್ತದೆ.

ಆದ್ದರಿಂದ ಔಷಧಿಯ ಸುರಕ್ಷತೆಯನ್ನು ಅದು ಗಿಡಮೂಲಿಕೆಯೋ ರಾಸಾಯನಿಕವೋ ಎಂಬುದರಿಂದ ನಿರ್ಧರಿಸಲಾಗದು. ಯಾರಿಗೆ, ಯಾವ ಕೊರತೆಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಾಗಲಷ್ಟೇ ಅದು ಸಾಧ್ಯ. ಯಕೃತ್ತಿನ ತೊಂದರೆ ಅಥವಾ ಸ್ವಯಂನಿರೋಧಕ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇಂಥ ಶಕ್ತಿವರ್ಧಕಗಳನ್ನು ಸೇವಿಸಬಾರದು. ಸೇವಿಸುತ್ತಿರುವಾಗ ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಯಾರೇ ಆಗಲಿ ತಕ್ಷಣ ಅವುಗಳನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.